ಚಂದ್ರಿಕೆಗೆ ಕಟ್ಟಿದ ಹಸಿರು ಬಟ್ಟೆ

ಕೆಳಗಿನ ಬೀದಿ, ಶಿಡ್ಲಘಟ್ಟ
12-12-1991

ಪ್ರೀತಿಯ ಶ್ಯಾಮಲಕ್ಕನಿಗೆ,

ನಿನ್ನ ತಮ್ಮ ನಲ್ಲಪ್ಪನ ನಮಸ್ಕಾರ. ನನ್ನ ಹೋದ ಕಾಗದ ಮುಟ್ಟಿದ ಮೇಲೆ ಗೌರಿಬಿದನೂರಿನಿಂದ ನಿನ್ನ ಎರಡು ಕಾಗದ ಬಂದವು, ನಾನು ಒಂದಕ್ಕೂ ಉತ್ತರ ಹಾಕಲಿಲ್ಲ. ಇನ್‌ಲ್ಯಾಂಡ್ ತಂದು ಹತ್ತು ದಿನವಾಯಿತು. ಬರೆಯಲು ಕೂತರೆ ಎದ್ದು ಹೋಗುವಂತಾಗುತ್ತದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಬೈದುಕೋ. ನಿನಗೀಗ ಏಳು ತಿಂಗಳು, ಬಸ್ಸಿನಲ್ಲಿ ಓಡಾಡಬೇಡ. ಭಾವನವರನ್ನು ಕೇಳಿದೆನೆಂದು ಹೇಳು.

ತೊಟ್ಟಿಲಿಗೆಂದು ಅಮ್ಮ ತೀರಿಕೊಳ್ಳುವ ಮುಂಚೆ ಎತ್ತಿಟ್ಟಿದ್ದ ಹಸಿರು ಸೀರೆಯನ್ನು ಇನ್ನೊಂದು ಸಲ ಹುಡುಕು ಎಂದು ಬರೆದಿದ್ದೀಯ. ಕೆರೆ ಒಡೆದಾಗ ಟ್ರಂಕು ನೀರಲ್ಲಿ ಹೋಯಿತೆಂದು ಹೋದ ಕಾಗದದಲ್ಲೇ ತಿಳಿಸಿದ್ದೆ. ಬೇರೆ ಹಳೇ ಸೀರೆ ಯಾವುದಾದರೂ ನೋಡಿಕೋ ಅಕ್ಕ. ಬಾಣಂತನಕ್ಕೆ ನಿನ್ನನ್ನು ಇಲ್ಲಿಗೆ ಕರೆತರಬೇಕಾಗಿತ್ತು, ಆದರೆ ಗೋಡೆ ಇನ್ನೂ ಹಸಿ. ಕೈ ಇಟ್ಟರೆ ಮಣ್ಣು ಬರುತ್ತದೆ.

ಊರು ಮಾತ್ರ ಎದ್ದು ಕೂತಿದೆ. ಆ ಮೂರು ದಿನ ಸುತ್ತ ನೀರು ನಿಂತು ನಮ್ಮ ಬೀದಿ ನಡುಗಡ್ಡೆಯಾಗಿತ್ತು, ಈಗ ಅದೇ ಬೀದಿಯಲ್ಲಿ ಧೂಳು. ತಾಜ್ ಪಾಷಾ ಸಾಬರು ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಮೊನ್ನೆ ಒಲೆ ಹೊತ್ತಿತು. ನೀನು ಮೂಗು ಮುಚ್ಚಿಕೊಂಡು ಸ್ಕೂಲಿಗೆ ಓಡುತ್ತಿದ್ದೆಯಲ್ಲ, ಗೂಡು ಬೇಯುವ ಅದೇ ವಾಸನೆ. ಸಾಬರು ಬಾಗಿಲಲ್ಲಿ ನಿಂತಿದ್ದರು.

"ಏನಪ್ಪಾ ನಲ್ಲಪ್ಪ, ನಾತ ಬಂತಾ?"

"ಬಂತು ಸಾಬ್ರೆ, ತಡ್ಯಕ್ಕಾಗ್ತಿಲ್ಲ."

"ಹಂಗಾದ್ರೆ ಊರಿಗೆ ಉಸಿರು ಬಂತು ಅಂತ ತಿಳ್ಕೋ" ಅಂದರು.

ನಮ್ಮ ಕಸುಬು ಎದ್ದಿದ್ದೇ ಕಷ್ಟದಲ್ಲಿ. ಬಾಡಿಗೆಗೆ ಕೊಡುವ ಇನ್ನೂರು ಚಂದ್ರಿಕೆ ತೇಲಿಹೋಗಿದ್ದವು. ಕೆರೆ ಒಡೆಯಿತೆಂದು ಹುಳ ಕಾಯುವುದಿಲ್ಲ. ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ದಿನ ಗೂಡು ಕಟ್ಟಲು ಅದಕ್ಕೆ ಬಿದಿರಿನ ಚಂದ್ರಿಕೆ ಬೇಕೇ ಬೇಕು. ಸೈಕಲ್ಲು ತುಳಿದು ಊರೂರು ಅಲೆದೆ. ರಾಗಿ ಹೊಲದಲ್ಲಿ, ಹೊಂಗೆ ಮರದ ಮೇಲೆ ಎಲ್ಲ ಸೇರಿ ಎಂಬತ್ತು ಸಿಕ್ಕವು. "ನಿನ್ ಕಾಲಿನ ಚಕ್ರ ಇವತ್ತು ಕೆಲ್ಸಕ್ಕೆ ಬಂತು ನೋಡು" ಎಂದು ಅಪ್ಪ ನಕ್ಕ. ನೀರು ಬಂದ ಮೇಲೆ ಅವನು ನಕ್ಕಿದ್ದು ಅವತ್ತೇ.

ಇಬ್ಬರೂ ಸೇರಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದೆವು, ಮೂರು ದಿನ ಬಿಸಿಲಿಗಿಟ್ಟೆವು. ಅಮ್ಮ ಗುರುತಿಗೆ ಕಟ್ಟಿದ್ದ ಹಸಿರು ಬಟ್ಟೆ ಕೊಳೆತು ಉದುರಿತ್ತು. ಅಂಗಡಿಯಿಂದ ಹಸಿರು ಬಟ್ಟೆ ತಂದು ಕಟ್ಟಿ, ಗಾಡಿಯಲ್ಲಿ ಹೇರಿಕೊಂಡು ಸಾದಲಿಗೆ ಹೋದೆ. ಅಲ್ಲಿ ಹುಳ ಸಾಕುವ ಆವಲಪ್ಪನವರು ಬಾಡಿಗೆಗೆ ತೆಗೆದುಕೊಂಡರೆ ಊರೇ ತೆಗೆದುಕೊಳ್ಳುತ್ತದೆ. ಅವರು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಇದು ನಿಮ್ಮಮ್ಮನ ಬಟ್ಟೆ ಅಲ್ಲ ಕಣಪ್ಪ. ಅಂಗ್ಡೀದು."

"ಚಂದ್ರಿಕೆ ನಮ್ದೇ ಅಣ್ಣ, ನಾವೇ ತೊಳ್ದಿದ್ದೀವಿ."

"ಎಲ್ಲಾರೂ ಹಂಗೇ ಅಂತಾವ್ರೆ. ಕೆಸರಲ್ಲಿ ಬಿದ್ದಿದ್ದು ಯಾರ್ದೋ ಏನೋ. ಹುಳಕ್ಕೆ ರೋಗ ಬಂದ್ರೆ ನಾನೇನ್ ಮಾಡ್ಲಿ? ನಿಮ್ಮಮ್ಮ ತೊಳ್ದು, ಒಣಗ್ಸಿ, ಕೈಯಾರ ನೋಡ್ದೆ ಆ ಗಂಟು ಹಾಕ್ತಿರ್ಲಿಲ್ಲ."

ಗಾಡಿ ತಿರುಗಿಸಿಕೊಂಡು ಬಂದೆ. ಮುಂದಿನ ವಾರ ಅದೇ ಆವಲಪ್ಪನವರು ಎಂಬತ್ತನ್ನೂ ಇಳಿಸಿಕೊಂಡರು. ಇವತ್ತು ಅವುಗಳಲ್ಲಿ ಹುಳ ಗೂಡು ಕಟ್ಟುತ್ತಿದೆ. ಅಪ್ಪ ಹೊಸ ಚಂದ್ರಿಕೆಗೆ ಬಿದಿರು ಗೊತ್ತುಮಾಡಿದ್ದಾನೆ. ಚಿಂತಾಮಣಿಯಲ್ಲಿ ಟೊಮ್ಯಾಟೊ ಲಾರಿ ಕ್ಲೀನರ್ ಆಗುತ್ತೇನೆಂದು ಕುಣಿಯುತ್ತಿದ್ದವನು ನಾನು, ಸದ್ಯಕ್ಕೆ ಇಲ್ಲೇ ಇದ್ದೇನೆ.

ನೀನೂ ಮಗುವೂ ಎರಡು ಜೀವ ಎರಡಾಗಿ ಸುಖವಾಗಿರಿ ಎಂದು ಅಪ್ಪ ಹರಸಿದ್ದಾನೆ.

ನಿನ್ನ ತಮ್ಮ,
ನಲ್ಲಪ್ಪ

ಅಂಟಿಸುವ ಮುಂಚೆ ಮತ್ತೆ ಬಿಚ್ಚಿದೆ. ಮಡಚುವ ಅಂಚಿನಲ್ಲಿ ಬರೆಯುತ್ತಿದ್ದೇನೆ.

ಸೀರೆ ನೀರಿಗೆ ಹೋಗಲಿಲ್ಲ ಅಕ್ಕ. ಟ್ರಂಕು ಅಟ್ಟದ ಮೇಲಿತ್ತು, ನೀರು ಅಲ್ಲಿಯವರೆಗೆ ಏರಲಿಲ್ಲ. ಆವಲಪ್ಪನವರು ಗಾಡಿ ವಾಪಸ್ ಕಳಿಸಿದ ಸಂಜೆ ನಾನೇ ಹರಿದೆ. ಕತ್ತರಿಯೂ ಬೇಕಾಗಲಿಲ್ಲ, ಅಷ್ಟು ಮೆತ್ತಗಿತ್ತು. ಎಂಬತ್ತಕ್ಕೂ ಕಟ್ಟಿದೆ, ಆವಲಪ್ಪನವರು ನಂಬಿ ಇಳಿಸಿಕೊಂಡಿದ್ದು ಆ ಬಟ್ಟೆಯನ್ನು ನೋಡಿಯೇ. ನಿನಗೆ ಸುಳ್ಳು ಬರೆದದ್ದೂ ಅವತ್ತೇ.

ಅಪ್ಪ ಗಾಡಿಯ ಹತ್ತಿರ ಬಂದು ಒಂದು ಗಂಟನ್ನು ಮುಟ್ಟಿ ನೋಡಿದ. "ಶ್ಯಾಮಲಾಗೆ ಏನಂತ ಬರ್ದೆ?" ಅಂದ. ಹೇಳಿದೆ. ಅವನು ಬೈಯಲಿಲ್ಲ. "ಅದೇ ಸೀರೇನ ನಿಮ್ಮಮ್ಮ ಅರ್ಧ ಹರ್ದು ಕಸುಬಿಗೆ ಕಟ್ಟಿದ್ಲು, ಅರ್ಧ ಮೊಮ್ಮಗೂಗೆ ಇಟ್ಲು. ಎಲ್ಲಿ ನಿಲ್ಲಿಸ್ಬೇಕು ಅಂತ ಅವಳಿಗೆ ಗೊತ್ತಿತ್ತು" ಅಂದ, ಅಷ್ಟೆ.

ಸೆರಗಿನ ಕಡೆ ಎರಡು ಮೊಳ ಉಳಿದಿದೆ. ತೊಟ್ಟಿಲಿಗೆ ಸಾಲದು. ಅದನ್ನು ಹರಿಯಲು ಕೈ ಬರಲಿಲ್ಲ, ನಿನ್ನ ಮನೆಗೆ ತರಲು ಕಾಲು ಬರುತ್ತಿಲ್ಲ. ಬಾ ಅಂತ ಒಂದು ಕಾರ್ಡು ಹಾಕಕ್ಕ.