ಮೇರಿಯ ಬಲಗೈ

೧೪ ಮೇ ೨೦೧೯, ರೇಗನ್ಸ್‌ಬುರ್ಗ್

ಗೈಡಾಗಿ ಹತ್ತೊಂಬತ್ತು ವರ್ಷದಿಂದ ಇಲ್ಲಿನ ಚರ್ಚಿನ ಮೇರಿ ವಿಗ್ರಹ ತೋರಿಸಿ, ‘ಏಳುನೂರು ವರ್ಷದ ಈ ಕೈಯನ್ನು ಇಂದು ಯಾರೂ ಕೆತ್ತಲಾರರು’ ಎನ್ನುತ್ತಿದ್ದೇನೆ. ಇಂದೂ ಅಂದೆ. ಕಾಸೆಲ್‌ನಿಂದ ಬಂದ ಗುಂಪಿನಲ್ಲಿದ್ದ ಮುದುಕ ಟ್ರಾಪ್, ಉಳಿದವರು ಮುಂದೆ ಹೋದ ಮೇಲೆ ಮೆಲ್ಲಗೆ ಹೇಳಿದರು.

“ಬೇಜಾರು ಮಾಡ್ಕೋಬೇಡಿ ಮೇಡಂ. ಹಳೇ ಕೈ ಮುರಿದಿತ್ತು. ಇದು ನಾನು ಅರವತ್ತೊಂದನೇ ಇಸವೀಲಿ, ಇಲ್ಲಿ ಕಲ್ಲುಕೆಲಸಕ್ಕಿದ್ದಾಗ ಕೆತ್ತಿದ್ದು.”

ನಾನು ನಂಬಲಿಲ್ಲ. ಅವರು ಪಕ್ಕದಲ್ಲಿದ್ದ ಹೆಂಡತಿಯತ್ತ ತಿರುಗಿ, “ಹೆಡ್ವಿಗ್, ಕೈ ತೋರ್ಸು” ಎಂದರು. ಆಕೆಯ ಬಲಗೈ ಕಿರುಬೆರಳು ಹುಟ್ಟಿನಿಂದಲೇ ಒಳಕ್ಕೆ ಬಾಗಿದೆಯಂತೆ. ವಿಗ್ರಹದ್ದೂ ಥೇಟ್ ಹಾಗೆಯೇ. ಆ ಬಾಗಿದ ಬೆರಳಿಗೆ ನಾನು ಎಂತೆಂಥ ಅರ್ಥ ಕಟ್ಟಿದ್ದೆ.

ಹೆಡ್ವಿಗ್ ನನಗಿಂತ ದಂಗಾಗಿದ್ದರು. “ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ರೀ.”

“ಆಗ ನಿನ್ನನ್ನ ಇನ್ನೂ ಮದುವೆಗೆ ಕೇಳಿರ್ಲಿಲ್ಲ. ಆಮೇಲೆ ಹೇಳೋಕೆ ನಾಚಿಕೆ ಆಯ್ತು.”

ಆಕೆ ಗಂಟುಗಟ್ಟಿದ ಕೈ ಎತ್ತಿ ಕಲ್ಲಿನ ಕೈ ಹಿಡಿದರು. ಮುಟ್ಟಬಾರದು ಎನ್ನಬೇಕಾದವಳು ನಾನು. ಗುಂಪಿನವರಿಗೆ ಕಾಣದಂತೆ ಅಡ್ಡ ನಿಂತೆ.