ಮಾವ ನುಂಗದ ಮಾತ್ರೆಗಳು

ಮನೆಯಿಂದ,
ಮಾರ್ಚ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನಮ್ಮ ಹಡಗಿನ ಯಜಮಾನರಿಗೆ, ಪ್ರೀತಿಯಿಂದ.

ಹೇಗಿದ್ದೀರಿ? ಎಂಜಿನ್ ಕೋಣೆಯ ಆ ಕಾವಿನಲ್ಲಿ ನೀರು ಸರಿಯಾಗಿ ಕುಡಿಯುತ್ತಿದ್ದೀರಾ, ಇಲ್ಲ ಬರೀ ಚಹಾದಲ್ಲೇ ದಿನ ದೂಡುತ್ತಿದ್ದೀರಾ? ಕಳೆದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದಿರಿ. ಕೇಳಿದರೆ "ಗಾಳಿ ಸದ್ದು ಕಣೇ" ಎಂದು ಹಾರಿಸಿಬಿಟ್ಟಿರಿ. ಮುಚ್ಚಿಡುವುದರಲ್ಲಿ ಅಪ್ಪ, ಮಗ ಇಬ್ಬರೂ ಒಂದೇ ಅಚ್ಚು. ಮೊದಲೇ ಹೇಳಿಬಿಡುತ್ತೇನೆ, ಮಾವ ಚೆನ್ನಾಗಿದ್ದಾರೆ, ಈಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಹಾಗಾಗಿ ಮುಂದಿನದನ್ನು ಗಾಬರಿಯಿಲ್ಲದೆ ಓದಿ. ನಿಮ್ಮ ಜೊತೆಗಾರರು ನಾಳೆ ಹಡಗು ಹತ್ತಲು ಹೊರಟಿದ್ದಾರೆ, ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ಅರ್ಧದಲ್ಲೇ ಲೈನು ಕಟ್ಟಾಗುತ್ತದೆ.

ಎರಡನೇ ಕೀಮೋ ಆದ ಮೇಲೆ ಮಾವನ ಹೊಟ್ಟೆ ಪೂರಾ ಕೆಟ್ಟುಹೋಯಿತು. ನೀರು ಕುಡಿದರೂ ವಾಂತಿ, ಜೊತೆಗೆ ಭೇದಿ, ಬಾಯೊಳಗೆಲ್ಲ ಹುಣ್ಣು. ಬೇಕರಿ ಒಲೆಯ ಮುಂದೆ ಆಯುಷ್ಯ ಕಳೆದವರು, ವಾಸನೆಯಲ್ಲೇ ಬ್ರೆಡ್ಡು ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದವರು, ಒಂದು ತುಂಡು ಬಾಯಿಗಿಟ್ಟು "ಕಬ್ಬಿಣ ನೆಕ್ಕಿದ ಹಾಗಿದೆ ಮಗಳೇ" ಎಂದು ತಟ್ಟೆ ಸರಿಸಿದರು. ನನಗೆ ನನ್ನ ಅಡುಗೆಯ ಮೇಲೆಯೇ ಅನುಮಾನ ಬಂತು. ಎಣ್ಣೆ ಬಿಟ್ಟೆ, ಖಾರ ಬಿಟ್ಟೆ, ಪಾತ್ರೆಗಳನ್ನೆಲ್ಲ ಕುದಿಯುವ ನೀರಿನಲ್ಲಿ ಅದ್ದಿದೆ. ನಿಮ್ಮ ಅಕ್ಕ ಬಂದವರು ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿ, "ಏನು ಹಾಕ್ತಿದ್ದೀಯೋ ಏನೋ" ಎಂದುಬಿಟ್ಟರು. ಚುರ್ ಅಂದಿತು ನೋಡಿ. (ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಈಗ ಮಾವನ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದುಕೊಡುವವರು ಅವರೇ.)

ಆಮೇಲೊಂದು ಬೆಳಿಗ್ಗೆ ಮಾವ ಬಚ್ಚಲಲ್ಲಿ ಕುಸಿದುಬಿದ್ದರು. ಎಬ್ಬಿಸಿ ಕೂರಿಸಿದರೆ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಒದ್ದೆ ಅಂಗಿ ಬದಲಿಸೋಣವೆಂದು ಗೂಟದಲ್ಲಿದ್ದ ಇನ್ನೊಂದನ್ನು ಕೊಡವಿದೆ, ಜೇಬಿನಿಂದ ಮಾತ್ರೆಗಳು ಉದುರಿದವು. ವಾಂತಿ ತಡೆಯಲೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದವು. ಒಂದನ್ನೂ ನುಂಗಿರಲಿಲ್ಲ! "ಕೀಮೋದ ವಿಷ ಹೊರಗೆ ಹೋಗ್ತಾ ಇದೆ, ತಡೀಬಾರದು ಅಂತ..." ಎಂದು ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ, "ಶ್ವಾಸಕೋಶದ್ದು ಈಗ ಹೊಟ್ಟೆಗೂ ಇಳಿದಿದೆ, ನನಗೆ ಗೊತ್ತಾಗಿದೆ. ಇನ್ನು ಸಾಕು ಮಗಳೇ, ಮುಂದಿನ ಕೀಮೋ ಬೇಡ" ಎಂದರು. ನಾನು ಆಗಲೇ ಆಟೋ ಕರೆಸಿದೆ.

ಆಸ್ಪತ್ರೆಯಲ್ಲಿ ನನ್ನಿಂದ ಎಲ್ಲ ಕೇಳಿಕೊಂಡು, ಸಲೈನ್ ಹಾಕಿಸಿ ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಮಾವನ ಪಕ್ಕ ಕೂತರು. ಹೊರಗೆ ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. "ನೋಡಿ ತಾತ, ರೋಗ ಹೊಟ್ಟೆಗೆ ಇಳಿದಿಲ್ಲ, ಇದು ಔಷಧದ್ದೇ ಕೆಲಸ. ಬೇಗ ಬೇಗ ಬೆಳೆಯೋ ಜೀವಕೋಶಗಳನ್ನ ಅದು ಹೊಡೆದುಹಾಕುತ್ತೆ. ಕ್ಯಾನ್ಸರ್ ಗಂಟಿನ ಕೋಶಗಳೂ ಹಾಗೇ ಬೆಳೆಯೋದು. ಆದ್ರೆ ನಮ್ಮ ಬಾಯಿ, ಕರುಳಿನ ಒಳಪದರವೂ ಕೆಲವೇ ದಿನಕ್ಕೊಮ್ಮೆ ಹೊಸದಾಗ್ತಾ ಇರುತ್ತೆ. ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಔಷಧಕ್ಕೆ ಗೊತ್ತಾಗಲ್ಲ." ಹುಣ್ಣು, ಭೇದಿ ಬಂದದ್ದು ಆ ಪದರ ಸವೆದಿದ್ದಕ್ಕಂತೆ. ನಾಲಿಗೆಯಲ್ಲಿ ರುಚಿ ಹಿಡಿಯುವ ಕೋಶಗಳೂ ಪೆಟ್ಟು ತಿಂದಿದ್ದಕ್ಕೆ ಆ ಕಬ್ಬಿಣದ ರುಚಿ. "ಮತ್ತೆ ವಾಂತಿ?" ಎಂದು ಕೇಳಿದರು ಮಾವ. ಪೆಟ್ಟಾದ ಕರುಳಿನಲ್ಲಿ ಒಂದು ರಾಸಾಯನಿಕ ಸುರಿಯುತ್ತದಂತೆ, ಅದರಿಂದ ಕೆರಳಿದ ನರ ಮೆದುಳಿಗೆ ಸುದ್ದಿ ಮುಟ್ಟಿಸಿ ವಾಂತಿ ತರಿಸುತ್ತದಂತೆ. ಆ ಸುದ್ದಿಯನ್ನು ತಡೆಯುವುದೇ ಮಾತ್ರೆಯ ಕೆಲಸ. "ಔಷಧ ಹೋಗಿರೋದು ರಕ್ತಕ್ಕೆ, ತಾತ. ವಾಂತೀಲಿ ಹೋಗೋದು ವಿಷ ಅಲ್ಲ, ನಿಮ್ಮ ಮೈಯಲ್ಲಿರೋ ನೀರು, ಉಪ್ಪು."

ಕೊನೆಗೆ ಮಾವ ಕೇಳಿದ್ದು ತಮ್ಮ ಬಗ್ಗೆ ಅಲ್ಲ. "ಹಾಗಾದ್ರೆ ಇವಳ ಅಡುಗೆಯಲ್ಲಿ ಏನೂ ತಪ್ಪಿರಲಿಲ್ಲ, ಅಲ್ವಾ?" ಡಾಕ್ಟರಮ್ಮ ಇಲ್ಲವೆಂದರು. ಸೂಜಿ ಚುಚ್ಚಿದ್ದ ಕೈಯಿಂದಲೇ ಮಾವ ನನ್ನ ಕೈ ಹಿಡಿದುಕೊಂಡರು. ಅಲ್ಲಿಯವರೆಗೆ ತಡೆದುಕೊಂಡಿದ್ದೆ, ಅಲ್ಲಿ ಅತ್ತುಬಿಟ್ಟೆ.

ಮೂರನೇ ಕೀಮೋಗೆ ಮಾತ್ರೆಯನ್ನು ಮುಂಚೆಯೇ ನುಂಗಿದರು. ವಾಂತಿ ಬಹಳ ಇಳಿಯಿತು. ಈಗ ಮಲಬದ್ಧತೆ! "ಮೊದಲು ನಿಲ್ತಿರಲಿಲ್ಲ, ಈಗ ಹೊರಡ್ತಿಲ್ಲ" ಎಂದು ಮಾವ ಗೊಣಗಿದರೆ ನರ್ಸುಗಳೆಲ್ಲ ನಕ್ಕರು. ಅದೂ ಮಾತ್ರೆಯದೇ ಕಿತಾಪತಿಯಂತೆ, ಕರುಳಿನ ಓಟ ನಿಧಾನ ಮಾಡುತ್ತದಂತೆ. ಅದಕ್ಕೂ ಪುಡಿ ಕೊಟ್ಟಿದ್ದಾರೆ. ಸುಸ್ತು ಇನ್ನೂ ಇದೆ, ಕೆಲವು ದಿನ ಎರಡು ತುತ್ತಿಗೇ ಸಾಕೆನ್ನುತ್ತಾರೆ. ಆದರೆ ಭಯ ಹೋಗಿದೆ. ಅದೊಂದಕ್ಕೇ ಆ ಡಾಕ್ಟರಮ್ಮನಿಗೆ ನಾನು ಬದುಕಿರುವ ತನಕ ಕೈಮುಗಿಯುತ್ತೇನೆ. ಮನೆಯ ಭಾರವನ್ನೆಲ್ಲ ನನ್ನ ಮೇಲೆ ಹಾಕಿ ಹೋದೆನೆಂದು ಕೊರಗಬೇಡಿ. ನಿಮ್ಮಪ್ಪ ನನ್ನನ್ನು ಮಗಳೇ ಎನ್ನುವುದು ಬಾಯಿಮಾತಿಗಲ್ಲ ಎಂದು ಈ ದಿನಗಳಲ್ಲಿ ನನಗೆ ಗೊತ್ತಾಯಿತು.

ಮಾವನ ಆಶೀರ್ವಾದ, ಅಕ್ಕನ ನೆನಪುಗಳು. ಕೆಮ್ಮಿಗೆ ಔಷಧ ತೆಗೆದುಕೊಳ್ಳಿ.

ನಿಮ್ಮ ದಾರಿ ಕಾಯುತ್ತಿರುವ,
ಮನೆಯಾಕೆ

ಮರೆತಿದ್ದೆ: ಜೊತೆಗಾರರು ಕಾಗದ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಸ್ಕ್ಯಾನ್ ಆಯಿತು. ಗಂಟು ಅರ್ಧಕ್ಕರ್ಧ ಕುಗ್ಗಿದೆ! ಇದನ್ನು ತಾವೇ ನಿಮಗೆ ಹೇಳಬೇಕೆಂದು ಮಾವನ ಕಟ್ಟಪ್ಪಣೆ, ಹಾಗಾಗಿ ಫೋನಿನಲ್ಲಿ ಏನೂ ಗೊತ್ತಿಲ್ಲದವರ ಹಾಗೆ ಕೇಳಿಸಿಕೊಳ್ಳಿ. ಹೋದ ಸಲ "ಅಪ್ಪನಿಗೆ ಹಿಂಸೆ ಬೇಡ, ನಿಲ್ಲಿಸಿಬಿಡೋಣ" ಎಂದಿದ್ದಿರಲ್ಲ, ಅದನ್ನು ಅವರಿಗೆ ನಾನು ತಿಳಿಸಿಲ್ಲ. ನೀವೂ ಹೇಳಬೇಡಿ. ಮುಂದಿನ ಕೀಮೋ ಗುರುವಾರ. ಅವರೇ ಚೀಲ ಸಿದ್ಧಮಾಡಿ ಇಟ್ಟುಕೊಂಡಿದ್ದಾರೆ.