ಜೌಗನ್ನು ಬಳಸಿದ ಸಾಲು

ಮಿನ್ನೆಸೋಟ, ೧೮೭೪ನೆಯ ಜನವರಿ ೩, ಶನಿವಾರ.

ರಸ್ತೆಗಳೆಲ್ಲ ನೇರವಾಗಿರತಕ್ಕದ್ದೆಂಬ ಮಸೂದೆಗೆ ಶಾಸನಸಭೆಯಲ್ಲಿ ಮತವೀಯಲು ಸೋಮವಾರ ಹೊರಡಬೇಕು. ನಮ್ಮ ರಸ್ತೆಯ ಬಾಗು ಮನಸ್ಸನ್ನು ಬಿಡದು. ಮರವೊಂದೂ ಇಲ್ಲದ ಈ ಹುಲ್ಲುಗಾವಲಿಗೆ ಮೊದಲು ಬಂದವರು ನಾವು, ದಾರಿ ತಪ್ಪದಿರಲೆಂದು ಮನೆಯಿಂದ ಮನೆಗೆ ನೇಗಿಲ ಸಾಲೆಳೆದೆವು, ಅವೇ ರಸ್ತೆಗಳಾದವು. ಈ ರಸ್ತೆಯಾದ ಸಾಲನ್ನು ಒಂದು ಮುಸ್ಸಂಜೆ ನೆರೆಮನೆಯ ದೀಪಕ್ಕೆ ನೇರವಾಗಿ ಗುರಿಯಿಟ್ಟು ಉತ್ತವನು ನಾನು. ನಾನರಿಯದ ಜೌಗನ್ನು ಸಾಲು ಬಳಸಿಹೋದದ್ದು ಹೇಗೆ? ಎತ್ತಿನ ಬುದ್ಧಿ, ದೇವರ ಕೃಪೆ ಎಂದುಕೊಂಡಿದ್ದೆ.

ಇಂದು ಆ ಮನೆಯ ವಿಧವೆ ರಾಗ್ನ್‌ಹಿಲ್ಡಳನ್ನು ಕೇಳಿದೆ.

"ದೀಪ ಹಿಡ್ಕೊಂಡು ಜೌಗಿನ ಅಂಚಲ್ಲಿ ನಡೆದೋಳು ನಾನು, ಹಾಲ್ವೊರಣ್ಣ. ಕೂಗಿದ್ರೆ ಆ ಗಾಳೀಲಿ ನಿಮಗೆ ಕೇಳ್ತಿತ್ತಾ?"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ತಂಗಿ?"

"ಚರ್ಚಲ್ಲೂ ನಿಮ್ಮೆತ್ತನ್ನ ಹೊಗಳ್ತಿದ್ರಿ. ಪಾಪ, ಅದರ ಹೆಸರು ನಾನ್ಯಾಕೆ ಕೆಡಿಸ್ಲಿ?"

ಕೃಪೆಯೆಂಬ ನನ್ನ ನಂಬಿಕೆ ಸುಳ್ಳಾಯಿತೆಂದು ತೋರುವುದಿಲ್ಲ. ಕೃಪೆಯೇ ದೀಪ ಹಿಡಿದು ನಡೆದಿತ್ತು. ನೇರ ರಸ್ತೆ ಆ ಜೌಗಿನ ಮೇಲೆಯೇ ಹಾಯುತ್ತದೆ. ಮಸೂದೆಗೆ ನನ್ನ ಮತವಿಲ್ಲ. ನಕ್ಷೆಯ ಗೆರೆಯನ್ನೇ ನಂಬುವ ಸಭೆಗೆ ಇದನ್ನು ಹೇಗೆ ತಿಳಿಸಲಿ? ನಿದ್ದೆಗೆ ಕಣ್ಣುಗಳು ಮುಚ್ಚುತ್ತಿವೆ. ಆ ಗಾಳಿಯಲ್ಲಿ ದೀಪವನ್ನು ಆರದಂತೆ ಹೇಗೆ ಹಿಡಿದಿದ್ದಳೋ, ಕೇಳಲು ಮರೆತೆ.